ಮಷೀನಿಗೆ ಬಿದ್ದ ಹಾರ

ಸಿನಿಮಾ ಎಡಿಟರ್‌ಗಳ ಹತ್ತಿರ ಹೋಗಿ, ನೀವು ಈ ಸಾಫ್ಟ್‌ವೇರನ್ನೇ ಯಾಕೆ ಹಿಡಿದುಕೊಂಡಿದ್ದೀರಿ, ಆ ಇನ್ನೊಂದು ಯಾಕೆ ಬೇಡ ಎಂದು ಕೇಳಿ ನೋಡಿ. ಭಾಷಣ ಶುರುವಾಗುತ್ತದೆ. ವೇಗ ಎನ್ನುತ್ತಾರೆ, ಬಣ್ಣ ಎನ್ನುತ್ತಾರೆ, ಕಂಪ್ಯೂಟರ್ ಬಿಸಿಯಾಗುವುದಿಲ್ಲ ಎನ್ನುತ್ತಾರೆ. ನಾನು ಕಮ್ಮನಹಳ್ಳಿಯಲ್ಲಿ ಸಿನಿಮಾಗಳಿಗೆ ಶಬ್ದ ಜೋಡಿಸುವವನು. ಎಡಿಟರ್ ಕೈಬಿಟ್ಟ ಚಿತ್ರ ನೇರವಾಗಿ ನನ್ನ ಕೋಣೆಗೆ ಬರುತ್ತದೆ, ಹಿಂದೆಯೇ ಎಡಿಟರ್ ಕೂಡ ಬರುತ್ತಾರೆ. ಅವರ ಜೊತೆ ಉಂಡು, ಜಗಳವಾಡಿ ನನಗೆ ಗೊತ್ತಾಗಿರುವುದಿಷ್ಟೆ. ಆ ಭಾಷಣದಲ್ಲಿ ಅರ್ಧ ನಿಜ. ಉಳಿದರ್ಧ ಬೆರಳಿಗೆ ಅಂಟಿದ ಅಭ್ಯಾಸ, ಇಲ್ಲವೇ ಯಾರ ಮೇಲೋ ಇರುವ ಸಿಟ್ಟು.

ಜಹನಾರಾಳದು ಸಿಟ್ಟಿನ ಕತೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅವಳ ಕಡೆಯವನು. ಎರಡೂ ಕಡೆ ತೂಗಿ ಬರೆಯುವವರು ಬೇರೆ ಯಾರಾದರೂ ಇದ್ದರೆ ಬರೆದುಕೊಳ್ಳಲಿ.

ಅವಳ ಮನೆ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಕೆಳಗೆ ಬಟ್ಟೆ ಅಂಗಡಿ, ಎರಡು ಮಹಡಿ ಹತ್ತಿದರೆ ಮನೆ. ಅಪ್ಪ ಮಂಜೂರ್ ಸಾಹೇಬರು ಮದುವೆ ವಿಡಿಯೊ ತೆಗೆಯುತ್ತಿದ್ದವರು. ಅವರು ತೆಗೆದದ್ದನ್ನು ಜೋಡಿಸುತ್ತ ಜೋಡಿಸುತ್ತ ಮಗಳು ಸೀರಿಯಲ್‌ಗೆ ಬಂದಳು, ಅಲ್ಲಿಂದ ಸಿನಿಮಾಕ್ಕೆ. ಮನೆಯಲ್ಲಿ ಅಮ್ಮಿಯ ಜೊತೆ ದಖನಿ ಉರ್ದು, ಅಂಗಡಿಯವರ ಜೊತೆ ತಮಿಳು, ಎಡಿಟಿಂಗ್ ಕೋಣೆಯಲ್ಲಿ ಕನ್ನಡ. ಯಾವ ನಟ ಯಾವ ಮಾತಿಗೆ ಮುಂಚೆ ಉಸಿರೆಳೆದುಕೊಳ್ಳುತ್ತಾನೆ ಎಂಬುದು ಅವಳಿಗೆ ಬಾಯಿಪಾಠ.

ಅವಳು ಕಲಿತದ್ದು ಒಂದು ಹಳೆಯ ಸಾಫ್ಟ್‌ವೇರಿನಲ್ಲಿ. ಉಳಿದವರಲ್ಲಿ ಹೆಚ್ಚಿನವರು ಆಗಲೇ ಹೊಸದಕ್ಕೆ ಹಾರಿದ್ದರು. ಹೊಸದು ಚುರುಕು, ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಸಹಾಯಕ್ಕೆ ಬರುವವರಿಗೆಲ್ಲ ಅದೊಂದೇ ಗೊತ್ತು. ಅದರಲ್ಲಿ ಒಂದು ಶಾಟ್ ತೆಗೆದರೆ ಮುಂದಿನ ಶಾಟ್‌ಗಳೆಲ್ಲ ತಾವೇ ಸರಿದು ಬಂದು ಆ ಜಾಗವನ್ನು ಮುಚ್ಚಿಬಿಡುತ್ತವೆ. ಬೇರೆಯವರಿಗೆ ಅದು ಅನುಕೂಲ. ಜಹನಾರಾಗೆ ಅದನ್ನು ಕಂಡರೇ ಆಗದು.

"ನಾನು ಖಾಲಿ ಬಿಟ್ಟಿದ್ದು ಖಾಲಿಯಾಗೇ ಇರ್ಬೇಕು ಮುನಿರಾಜ್," ಎಂದು ನನಗೆ ಹೇಳುತ್ತಿದ್ದಳು. "ಅಲ್ಲಿ ಏನಿಡ್ಬೇಕು ಅಂತ ನಾನಿನ್ನೂ ಯೋಚ್ನೆ ಮಾಡ್ತಿರ್ತೀನಿ. ನನ್ನ ಕೇಳ್ದೇನೆ ಬಾಗ್ಲು ಹಾಕೋಕೆ ಇದ್ಯಾವುದು?"

ನನಗೂ ಅವಳ ಹಳೆಯದೇ ಇಷ್ಟವಾಗಿತ್ತು. ಅದರಿಂದ ಬರುವ ಶಬ್ದವೆಲ್ಲ ಸಾಲುಸಾಲಾಗಿ ಬರುತ್ತಿತ್ತು, ಮಾತಿಗೊಂದು ಸಾಲು, ಹೆಜ್ಜೆ ಸದ್ದಿಗೊಂದು ಸಾಲು. ಹೊಸದರಿಂದ ಬಂದದ್ದನ್ನು ಬಿಚ್ಚಿದರೆ ಸಂತೆ ಮುಗಿದ ಮೇಲಿನ ಬಯಲಿನ ಹಾಗಿರುತ್ತಿತ್ತು, ಒಂದೊಂದನ್ನೂ ಹೆಕ್ಕಬೇಕು.

ಇನ್ನು ಮುನೀಂದ್ರ. ನಮ್ಮೂರು ದೊಡ್ಡನೆಕ್ಕುಂದಿಯವನೇ. ಅವನ ತಂದೆ ಮುನಿವೆಂಕಟಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಕಟ್ಟಡ ನಿಂತಿದೆ. ಬಾಡಿಗೆ ಬರತೊಡಗಿದ ಮೇಲೆ ಮಗನಿಗೆ ಸಿನಿಮಾದ ಹುಚ್ಚು ಹತ್ತಿತು. ಇಂದಿರಾನಗರದ ತನ್ನ ಕಟ್ಟಡದ ಕೆಳಗಿನ ಮಹಡಿಯಲ್ಲೇ ಎಡಿಟಿಂಗ್ ಕೋಣೆ ಮಾಡಿ, ಹೊಸ ಮಷೀನು, ಹೊಸ ಸಾಫ್ಟ್‌ವೇರು ತಂದಿಟ್ಟ. ಒಳ್ಳೆ ಎಡಿಟರ್ ಬೇಕು ಎಂದಾಗ ಜಹನಾರಾಳ ಹೆಸರು ಹೇಳಿದವನು ನಾನೇ.

ನಮ್ಮ ಸಿನಿಮಾ ಮಂದಿಯ ಬಾಯಲ್ಲಿ ಸೆಂಟಿಮೆಂಟ್ ಎಂದರೆ ಭಾವನೆ ಅಲ್ಲ. ಶಕುನ. ಗೆದ್ದ ಚಿತ್ರದ ಮುಹೂರ್ತಕ್ಕೆ ಹಾಕಿದ ಅಂಗಿಯನ್ನೇ ಮುಂದಿನ ಚಿತ್ರಕ್ಕೂ ಹಾಕುವುದು, ಅದೇ ಗುಡಿ, ಅದೇ ಗಳಿಗೆ, ಅದೇ ಪೂಜಾರಿ. ಮುನೀಂದ್ರನಿಗೆ ಇದು ಮೈತುಂಬ. ಎಡಿಟಿಂಗ್ ಶುರುವಾದ ದಿನ ಜೋಯಿಸರನ್ನು ಕೇಳಿ ಗಳಿಗೆ ಇಡಿಸಿದ, ಮಾನಿಟರಿಗೆ ಕುಂಕುಮ ಹಚ್ಚಿದ, ಕಾಯಿ ಒಡೆದ. ಜಹನಾರಾ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಮೊದಲ ಕೀ ಒತ್ತಿದಳು, ಎಲ್ಲರ ಜೊತೆ ನಿಂತು ಪ್ರಸಾದದ ಪೊಂಗಲ್ ತಿಂದಳು.

ಪೂಜೆ ಮುಗಿದ ಮೇಲೆ ಹಾರ್ಡ್‌ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಶಿವಾಜಿನಗರಕ್ಕೆ ಹೊರಟಳು. ಇಡೀ ಚಿತ್ರವನ್ನು ಅವಳು ಕತ್ತರಿಸಿದ್ದು ತನ್ನ ಮನೆಯಲ್ಲಿ, ತನ್ನ ಹಳೆಯ ಸಾಫ್ಟ್‌ವೇರಿನಲ್ಲಿ. ಒಂದಷ್ಟು ಭಾಗ ಮುಗಿದಾಗ ಅದನ್ನು ಒಂದೇ ಉದ್ದನೆಯ ವಿಡಿಯೊ ಮಾಡಿ ತಂದು ಇಂದಿರಾನಗರದ ಮಷೀನಿನಲ್ಲಿ ಹಾಕಿ ತೋರಿಸುತ್ತಿದ್ದಳು. ಅದು ಅಲ್ಲೇ ತಯಾರಾದದ್ದೆಂದು ಮುನೀಂದ್ರ ತಿಳಿದ. ಸುಳ್ಳು ಹೇಳುವ ಉದ್ದೇಶ ಅವಳಿಗಿರಲಿಲ್ಲ, ಯಾವುದರಲ್ಲಿ ಕೆಲಸ ಮಾಡಿದೆ ಎಂದು ಅವನು ಒಂದು ದಿನವೂ ಕೇಳಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಶಬ್ದ ನನಗೆ ಅವಳ ಮನೆಯಿಂದಲೇ ಬರುತ್ತಿತ್ತು.

ಚಿತ್ರ ಗೆದ್ದಿತು. ಕತೆ ಸಾಧಾರಣ, ಹಾಡು ಸಾಧಾರಣ, ನಾಯಕನಿಗೆ ನಡೆಯುವುದಕ್ಕೂ ಸರಿಯಾಗಿ ಬಾರದು. ಆದರೂ ಜನ ಕುರ್ಚಿ ಬಿಟ್ಟು ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ನಮ್ಮ ಕಸುಬಿನವರಿಗೆಲ್ಲ ಗೊತ್ತಿತ್ತು.

ವಿಜಯೋತ್ಸವ ಇಂದಿರಾನಗರದ ಒಂದು ಹಾಲಿನಲ್ಲಿ ನಡೆಯಿತು. ಜಹನಾರಾ ಹೊಸ ಸಲ್ವಾರ್ ಹೊಲಿಸಿಕೊಂಡು ಬಂದಿದ್ದಳು, ಅಮ್ಮಿಯನ್ನೂ ಕರೆತಂದಿದ್ದಳು. ಮುನೀಂದ್ರ ಒಬ್ಬೊಬ್ಬರನ್ನೇ ಕರೆದು ಹಾರ ಹಾಕಿದ. ಎಡಿಟರ್ ಸರದಿ ಬಂದಾಗ ಇಬ್ಬರು ಆಳುಗಳು ಆ ಮಷೀನನ್ನು ವೇದಿಕೆಗೆ ಹೊತ್ತುತಂದರು. ಮುನೀಂದ್ರ ಅದಕ್ಕೆ ಹಾರ ಹಾಕಿ ಕೈಮುಗಿದ.

"ಎಡಿಟರ್ ಯಾರು, ಎಡಿಟರ್ ಯಾರು ಅಂತ ಎಲ್ರೂ ಕೇಳ್ತಾವ್ರೆ," ಎಂದ ಮೈಕಿನಲ್ಲಿ. "ಇದೇ ನೋಡ್ರಪ್ಪ ನಮ್ ಎಡಿಟರ್ರು. ಜಹನಾರಾ ಮೇಡಂ ಬಟನ್ ಒತ್ತಿದ್ರು, ಅವ್ರಿಗೂ ಒಂದು ಚಪ್ಪಾಳೆ ಹೊಡೀರಿ."

ಜನ ಹೊಡೆದರು. ಅವಳ ಅಮ್ಮಿಗೆ ಕನ್ನಡ ಅಷ್ಟಕ್ಕಷ್ಟೆ. "ಕ್ಯಾ ಬೋಲ್ರಾ ಉನೆ?" ಎಂದು ಮಗಳ ತೋಳು ಜಗ್ಗಿ ಕೇಳಿದರು. ಅವನೇನು ಹೇಳಿದ ಎಂದು ಮಗಳು ತಿಳಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ, ಅದು ಇನ್ನೂ ಕೆಟ್ಟದು.

ಹೊರಗೆ ಆಟೊ ಕಾಯುತ್ತ ನಿಂತಾಗ ಹೇಳಿದಳು. "ಅವನು ನಮ್ಮನೆ ಮೆಟ್ಲು ಹತ್ತಿ ಬರ್ಬೇಕು. ಬಂದು, ಪಿಕ್ಚರ್ ಕಟ್ ಮಾಡಿದ್ದು ನಿನ್ನ ಕೈ ಅಂತ ಅವನ ಬಾಯಲ್ಲೇ ಹೇಳ್ಬೇಕು. ಅದನ್ನ ಕೇಳೋವರ್ಗೂ ನಾನು ಬಿಡಲ್ಲ."

"ಆ ಮಷೀನಲ್ಲಿ ನೀನು ಕಟ್ ಮಾಡೇ ಇಲ್ಲ ಅಂತ ಈಗ್ಲೇ ಹೋಗಿ ಹೇಳ್ಬಿಡ್ಲಾ?" ಎಂದೆ.

"ಈಗ ಹೇಳಿದ್ರೆ ಹೊಟ್ಟೆಕಿಚ್ಚು ಅಂತಾನೆ. ಅವನು ಸೋಲ್ಲಿ. ಆಮೇಲೆ ಹೇಳೋಣ."

ಅವನು ಸೋಲುವ ಮುಂಚೆ ಅವಳು ಸೋತಳು. ಮುನೀಂದ್ರ ಟೀವಿಯಲ್ಲೂ ಮಷೀನಿನ ಗುಣಗಾನ ಮಾಡಿದ. ಗಾಂಧಿನಗರದ ನಿರ್ಮಾಪಕರೆಲ್ಲ ಇಂದಿರಾನಗರಕ್ಕೆ ಸಾಲುಗಟ್ಟಿದರು. ಎಡಿಟರ್ ಯಾರಾದರೂ ಆಗಲಿ, ಮಷೀನು ಮುನೀಂದ್ರನದಾಗಿರಲಿ ಎಂಬ ಮಾತು ಹುಟ್ಟಿತು. ಹಳೆಯದಕ್ಕೆ ಅಂಟಿಕೊಂಡಿದ್ದ ಒಬ್ಬಿಬ್ಬರು ಎಡಿಟರ್‌ಗಳು ಕೂಡ ಹೊಟ್ಟೆಪಾಡಿಗೆ ಆ ಸಾಫ್ಟ್‌ವೇರ್ ಕಲಿತರು. ಅದು ಒಳ್ಳೆಯದೆಂದಲ್ಲ, ಅದಕ್ಕೆ ಅದೃಷ್ಟ ಇದೆಯೆಂದು. ಮುನೀಂದ್ರ ತನ್ನ ಮುಂದಿನ ಚಿತ್ರಕ್ಕೆ ಕೈಗೆ ಸಿಕ್ಕಿದವರನ್ನು ಕೂರಿಸಿದ. ಜಹನಾರಾ ಒಂದು ಶಾಟೂ ಕತ್ತರಿಸದ ಮಷೀನು ಜಹನಾರಾಳ ಅನ್ನ ಕಿತ್ತುಕೊಂಡಿತು.

ಅವಳು ಮತ್ತೆ ಮದುವೆ ವಿಡಿಯೊಗೆ ಬಂದಳು. ಫ್ರೇಜರ್ ಟೌನಿನ ನಿಕಾಹ್, ವಲೀಮಾ ಔತಣ, ಕೋಚಿಂಗ್ ಸೆಂಟರ್‌ಗಳ ಪಾಠ. ಅದಕ್ಕೆಲ್ಲ ಹೊಸ ಸಾಫ್ಟ್‌ವೇರೇ ಬೇಕೆಂದರು. ನೋಡನೋಡುತ್ತಲೇ ಕಲಿತುಬಿಟ್ಟಳು. ನಾನು ಬಾಯಿಬಿಟ್ಟುಕೊಂಡು ನೋಡಿದೆ.

"ಇಷ್ಟು ಸಲೀಸಾಗಿ ಬಂತಲ್ಲ, ಇಷ್ಟು ವರ್ಷ ಯಾಕೆ ಬೇಡ ಅಂತಿದ್ದೆ?"

"ಕಲಿಯೋದೇನು ಕಷ್ಟ ಇಲ್ಲ. ಮದುವೆಗೆ ಇದು ಸಾಕು, ಅಲ್ಲಿ ಖಾಲಿ ಜಾಗ ಯಾರಿಗೂ ಬೇಡ. ಪಿಕ್ಚರ್ ಮಾತ್ರ ಇದ್ರಲ್ಲಿ ಕಟ್ ಮಾಡಲ್ಲ. ಸತ್ರೂ ಮಾಡಲ್ಲ."

ಮೊದಮೊದಲು ಹೇಳುತ್ತಿದ್ದ ಕಾರಣ ಬೇರೆ, ಈಗಿನದು ಬೇರೆ. ಈಗ ಆ ಸಾಫ್ಟ್‌ವೇರಿನ ಕೊರಳಲ್ಲಿ ಅವಳಿಗೆ ಹಾರ ಕಾಣುತ್ತಿತ್ತು.

ಮುನೀಂದ್ರನ ಎರಡನೆಯ ಚಿತ್ರ ಬಿದ್ದಿತು. ಜಹನಾರಾ ನನಗೆ ಬಿರಿಯಾನಿ ಕೊಡಿಸಿದಳು. ಅವನು ವಾಸ್ತು ನೋಡಿಸಿ ಮಷೀನನ್ನು ಪೂರ್ವಕ್ಕೆ ತಿರುಗಿಸಿದ. ಮೂರನೆಯದೂ ಮಕಾಡೆ ಮಲಗಿತು. ಮತ್ತೆ ಬಿರಿಯಾನಿ. ಕುರ್ಚಿ ಬದಲಾಯಿತು, ಕಿಟಕಿಯ ಪರದೆ ಬದಲಾಯಿತು, ಮೇಜಿನ ಕೆಳಗೆ ನಿಂಬೆಹಣ್ಣು ಬಂತು. ಬಾಡಿಗೆಗೆ ಬರುತ್ತಿದ್ದ ನಿರ್ಮಾಪಕರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೊಂದು ದಿನ ಅವನು ನನ್ನ ಕೋಣೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತ.

"ಏನಪ್ಪ ಮುನಿರಾಜ, ಅದೇ ಮಷೀನು, ಅದೇ ಸಾಫ್ಟ್‌ವೇರು. ಯಾಕ್ ಹಿಂಗಾಯ್ತಾ ಐತೆ?"

ಜಹನಾರಾ ಹೇಳು ಎಂದಿದ್ದ ಗಳಿಗೆ ಇದೇ. ನಾನು ಸಾವಕಾಶವಾಗಿ, ಒಂದೊಂದು ಮಾತನ್ನೂ ಚಪ್ಪರಿಸಿಕೊಂಡು ಹೇಳಿದೆ. "ಅಣ್ಣ, ಗೆದ್ದ ಆ ಪಿಕ್ಚರು ನಿಮ್ ಮಷೀನಲ್ಲಿ ಕಟ್ ಆಗಿದ್ದೇ ಅಲ್ಲ. ಶಿವಾಜಿನಗರದಲ್ಲಿ ಜಹನಾರಾ ಮನೇಲಿ ಆಗಿದ್ದು. ನೀವು ಹಾರ ಹಾಕಿದ್ದು ಬರೀ ತೋರ್ಸೋ ಡಬ್ಬಕ್ಕೆ."

ಅವನ ಮುಖ ಬಿಳುಚಿಕೊಂಡಿತು. ಎದ್ದು ಹೋದ. ನಾನು ಅವಳಿಗೆ ಫೋನ್ ಮಾಡಿ, ಮೆಟ್ಟಿಲು ಗುಡಿಸಿಡು, ಬರುತ್ತಾನೆ ಎಂದೆ.

ಬಂದ. ಆ ಶುಕ್ರವಾರವೇ ಬಂದ. ಆ ತಮಾಷೆ ತಪ್ಪಿಸಿಕೊಳ್ಳಬಾರದೆಂದು ನಾನು ಆಗಲೇ ಅಲ್ಲಿದ್ದೆ. ಏದುಸಿರು ಬಿಡುತ್ತ ಎರಡು ಮಹಡಿ ಹತ್ತಿ, ತಟ್ಟೆಯಲ್ಲಿ ಹಣ್ಣು, ಕೈಯಲ್ಲಿ ಗುಲಾಬಿ ಹಾರ ಹಿಡಿದು ಬಾಗಿಲಲ್ಲಿ ನಿಂತ. ಜಹನಾರಾ ಎದ್ದು ನಿಂತಳು. ಅವಳ ಕೈ ದುಪಟ್ಟಾದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಇಷ್ಟು ವರ್ಷ ಕಾದ ಮಾತು ಈಗ ಬರುತ್ತದೆ ಎಂದುಕೊಂಡೆ.

"ತಪ್ಪಾಯ್ತು ಕಣಮ್ಮ, ನಂಗೆ ಗೊತ್ತಿರ್ಲಿಲ್ಲ," ಎಂದ ಮುನೀಂದ್ರ. ಅವನ ಕಣ್ಣು ಕೋಣೆಯೆಲ್ಲ ಹುಡುಕುತ್ತಿತ್ತು. "ಎಲ್ಲೈತೆ ಆ ಮಷೀನು?"

ಮೂಲೆಯಲ್ಲಿ ಅದು ಕಂಡಿತು. ಹೋಗಿ, ಚಪ್ಪಲಿ ಬಿಟ್ಟು, ಅದಕ್ಕೆ ಹಾರ ಹಾಕಿದ. ಆಮೇಲೆ ತಿರುಗಿ, "ಇದನ್ನ ನಂಗೆ ಕೊಟ್ಬಿಡಮ್ಮ. ಏನ್ ಬೇಕಾದ್ರೂ ಕೇಳು," ಎಂದ.

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅವನನ್ನು ಆ ಮೆಟ್ಟಿಲುಗಳ ಮೇಲಿಂದ ದಬ್ಬಿಬಿಡೋಣ ಅನ್ನಿಸಿತು. ಜಹನಾರಾ ದುಪಟ್ಟಾದ ಅಂಚು ಬಿಟ್ಟಳು. ಆಮೇಲೆ, ನಾನು ಅದುವರೆಗೆ ಕೇಳಿರದಷ್ಟು ಮೃದುವಾಗಿ ಮಾತಾಡಿದಳು.

"ತಗೊಂಡು ಹೋಗಿ ಸಾರ್. ಏನೂ ಕೊಡ್ಬೇಡಿ. ಆದ್ರೆ ಒಂದು ಸೆಂಟಿಮೆಂಟ್ ಇದೆ. ಇದು ಯಜಮಾನರ ಕೈಗೆ ಮಾತ್ರ ಒಲಿಯೋದು. ನಂದಾಗಿದ್ದಾಗ ನಾನೇ ಕೂತೆ, ಬೇರೆ ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ. ಇನ್ಮೇಲೆ ನೀವೇ ಕೂರ್ಬೇಕು. ಬೇರೆಯವರು ಮುಟ್ಟಿದ್ರೆ ಮುಗೀತು."

"ನಾನಾ? ನಂಗೆ ಎಡಿಟಿಂಗ್ ಬರಲ್ವಲ್ಲಮ್ಮ."

"ನಾನು ಹೇಳ್ಕೊಡ್ತೀನಿ."

ಹೇಳಿಕೊಟ್ಟಳು. ನಿತ್ಯ ಬೆಳಗ್ಗೆ ಇಂದಿರಾನಗರಕ್ಕೆ ಹೋಗಿ ಅವನ ಪಕ್ಕ ಕೂತು ಹೇಳಿಕೊಟ್ಟಳು. ಒಂದೇ ಒಂದು ಸುಳ್ಳು ಕಲಿಸಲಿಲ್ಲ. ಕತ್ತರಿಸಲು ಯಾವ ಕೀ, ಅಂಟಿಸಲು ಯಾವುದು, ಹಿಂದೆ ಹೋಗಲು ಯಾವುದು, ಎಲ್ಲವನ್ನೂ ಕಲಿಸಿದಳು. ಸಂಜೆ ನನ್ನ ಹತ್ತಿರ ಬಂದು ಚಹಾ ಕುಡಿಯುತ್ತ ನಗುತ್ತಿದ್ದಳು.

"ಎಲ್ಲಾ ಕೀ ಕೇಳ್ದ ಮುನಿರಾಜ್. ಎಲ್ಲಿ ಕಟ್ ಮಾಡ್ಬೇಕು ಅಂತ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ, ಅಲ್ಲಾಹ್ ಆಣೆ."

ಮುನೀಂದ್ರ ಹೀಗೆ ತಾನೇ ಕೂತು ಕತ್ತರಿಸುತ್ತಿದ್ದ ಹೊಸ ಚಿತ್ರದಲ್ಲಿ ತಾಯಿಯ ಪಾತ್ರ ಬಾಲಮ್ಮನವರದು. ಹಲಸೂರಿನವರು. ಜನ್ಮವೆಲ್ಲ ಸಿನಿಮಾ ಮದುವೆಗಳಲ್ಲಿ ಹಿಂದಿನ ಸಾಲಿನಲ್ಲಿ ಆರತಿ ತಟ್ಟೆ ಹಿಡಿದು ನಿಂತವರು. ಅರವತ್ತು ದಾಟಿದ ಮೇಲೆ ಮೊದಲ ಸಲ ಹೆಸರಿರುವ ಪಾತ್ರ ಸಿಕ್ಕಿತ್ತು. ಆಸ್ಪತ್ರೆಯ ದೃಶ್ಯವೊಂದರಲ್ಲಿ ಮಗ ಇಲ್ಲವೆಂದು ಡಾಕ್ಟರು ಹೇಳಿ ಹೋಗುತ್ತಾರೆ. ಬಾಲಮ್ಮನವರಿಗೆ ಮಾತಿಲ್ಲ. ತಲೆ ತಗ್ಗಿಸಿ ನಿಂತೇ ಇರುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ, ಬಹಳ ಹೊತ್ತಿನ ಮೇಲೆ ಮೆಲ್ಲಗೆ ಮುಖ ಎತ್ತುತ್ತಾರೆ. ಆ ಮುಖ ನೋಡಿ ನಿರ್ದೇಶಕರು ಕಟ್ ಹೇಳುವುದನ್ನೇ ಮರೆತಿದ್ದರಂತೆ. ಇದನ್ನೆಲ್ಲ ಜಹನಾರಾಳೇ ನನಗೆ ಹೇಳಿದ್ದು. ಪಾಠ ನಡೆದದ್ದು ಆ ಶಾಟಿನ ಮೇಲೆಯೇ.

"ಈಯಮ್ಮ ಏನ್ ಸುಮ್ನೆ ನಿಂತವ್ರೆ, ಲ್ಯಾಗ್ ಆಗ್ತೈತೆ," ಎಂದು ಮುನೀಂದ್ರ ಕತ್ತರಿಸುವ ಕೀಯ ಮೇಲೆ ಬೆರಳಿಟ್ಟನಂತೆ. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ ಎಂದಳು ಜಹನಾರಾ. ಆ ನುಂಗಿದ್ದನ್ನು ಗೆದ್ದವಳ ಹಾಗೆ ಹೇಳಿದಳು, ನಾನೂ ಗೆದ್ದವನ ಹಾಗೆ ಕೇಳಿದೆ.

ಚಿತ್ರ ಬಿಡುಗಡೆಯಾದ ದಿನ ಕೆ.ಆರ್. ಪುರದ ಒಂದು ಮಾಲಿನಲ್ಲಿ ಮ್ಯಾಟಿನಿಗೆ ಹೋದೆವು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ, ಬೆಂಕಿಯ ಕಿಡಿಗಳ ನಡುವೆ ಬಂತು, ಸಂಕಲನ: ಮುನೀಂದ್ರ. ಜಹನಾರಾ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳೊಬ್ಬಳೇ ತಟ್ಟಿದ್ದು. ಅದುವರೆಗೆ ಅವನು ಕಳೆದುಕೊಂಡದ್ದು ದುಡ್ಡು ಮಾತ್ರ. ಇನ್ನು ಮೇಲೆ ಈ ಚಿತ್ರ ನೋಡಿದವರೆಲ್ಲ ಬೈಯುವುದು ಅವನ ಹೆಸರನ್ನೇ, ಅವಳಿಂದ ಕಿತ್ತುಕೊಂಡ ಜಾಗದಲ್ಲಿ ಕೂತ ಆ ಹೆಸರನ್ನು.

ಮೊದಲರ್ಧವನ್ನು ನಾನು ಬಾಯಿ ಚಪ್ಪರಿಸಿಕೊಂಡು ನೋಡಿದೆ. ಕೆನ್ನೆಗೆ ಹೊಡೆಯಲು ಕೈ ಎತ್ತುವಷ್ಟರಲ್ಲಿ ಚಿತ್ರ ಬೇರೆ ಊರಿಗೆ ಹೋಗಿರುತ್ತಿತ್ತು. ನಾಯಕ ಮಾತು ಮುಗಿಸಿ ಏನು ಮಾಡುವುದೆಂದು ತಿಳಿಯದೆ ಕ್ಯಾಮೆರಾ ನೋಡುವುದು ಹಾಗೆಯೇ ಉಳಿದಿತ್ತು. ಜನ ಅಳಬೇಕಾದಲ್ಲಿ ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟು ಮೊಬೈಲ್ ತೆಗೆದರು.

ಆಸ್ಪತ್ರೆಯ ದೃಶ್ಯ ಬಂತು. ಡಾಕ್ಟರು ಹೇಳಿ ಹೋದರು. ಬಾಲಮ್ಮನವರು ತಲೆ ತಗ್ಗಿಸಿ ನಿಂತರು. ಸೆರಗಿಗೆ ಕೈ ಹೋಯಿತು. ಥಿಯೇಟರಿನಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸದ್ದಡಗಿತು, ಮೊಬೈಲುಗಳು ಕೆಳಗಿಳಿದವು. ಜಹನಾರಾ ನನ್ನ ಮುಂಗೈ ಹಿಡಿದುಕೊಂಡಳು. "ಈಗಲ್ಲ, ಈಗಲ್ಲ," ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಪರದೆಯ ಮೇಲೆ ಹಾಡು ಶುರುವಾಯಿತು.

ಅವಳು ಕೈಬಿಡಲಿಲ್ಲ. ಉಗುರು ನಾಟುತ್ತಿತ್ತು. ಅಲ್ಲಿಂದಾಚೆಗೆ ಚಿತ್ರ ನೋಡಿದ ನೆನಪು ನನಗಿಲ್ಲ.

ಹೊರಗೆ ಮುನೀಂದ್ರನ ಸುತ್ತ ಯೂಟ್ಯೂಬಿನವರು ಮೈಕು ಹಿಡಿದು ನಿಂತಿದ್ದರು. ಅವನ ಮುಖ ಬಾಡುತ್ತದೆ, ಅದನ್ನು ನೋಡಿ ಕಣ್ಣು ತಂಪು ಮಾಡಿಕೊಳ್ಳಬೇಕು ಎಂದೇ ನಾವು ಇಷ್ಟು ದೂರ ಬಂದದ್ದು. ಮುಖ ಬಾಡಿರಲಿಲ್ಲ. "ಎಡಿಟಿಂಗ್ ಸ್ವಲ್ಪ ಎಡವಟ್ಟಾಗೈತೆ, ಒಪ್ಕೋತೀನಿ," ಎನ್ನುತ್ತಿದ್ದ. "ಸಾಫ್ಟ್‌ವೇರ್ ಹಳೇದು ನೋಡಿ, ಅದ್ಕೆ. ಮುಂದಿನ ಪಿಕ್ಚರ್‌ಗೆ ಬೇರೇದು ತರಿಸ್ತಾ ಇದೀನಿ."

ಮೆಟ್ಟಿಲ ಹತ್ತಿರ ಬಾಲಮ್ಮನವರು ನಿಂತಿದ್ದರು. ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ. ಹಲಸೂರಿನಿಂದ ತಂಗಿಯ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. "ಟೀವೀಲಿ ಬರೋವಾಗ ಪೂರ್ತಿ ಹಾಕ್ತಾರಂತೆ," ಎಂದು ಅವರಿಗೆ ಸಮಾಧಾನ ಹೇಳುತ್ತಿದ್ದರು. ಹಿಂದೆ ಬೇರೊಂದು ಚಿತ್ರದ ಗುಂಪಿನ ಡಬ್ಬಿಂಗಿಗೆ ನನ್ನ ಕೋಣೆಗೆ ಬಂದಿದ್ದವರಾದ್ದರಿಂದ ಗುರುತು ಹಿಡಿದು ಕರೆದರು.

"ಅಷ್ಟೊತ್ತು ನಿಂತಿದ್ದೆ ಸಾರ್. ಎಲ್ಲಾ ತೆಗೆದುಬಿಟ್ಟವ್ರಲ್ಲ."

ಮಾತು ತಪ್ಪಿಸಲು ಪಕ್ಕದಲ್ಲಿದ್ದವಳನ್ನು ಪರಿಚಯ ಮಾಡಿಸಿದೆ. "ಇವ್ರು ಜಹನಾರಾ ಅಂತ, ಒಳ್ಳೇ ಎಡಿಟರ್."

ಬಾಲಮ್ಮನವರು ಅವಳ ಎರಡೂ ಕೈ ಹಿಡಿದುಕೊಂಡರು. "ಹೌದಾ ಮೇಡಂ? ನೀವಾಗಿದ್ರೆ ಆ ಸೀನು ಇಡ್ತಿದ್ರಾ? ನಿಜ ಹೇಳಿ, ನಾನು ಚೆನ್ನಾಗಿ ಮಾಡಿಲ್ಲ ಅಂತ ತೆಗೆದ್ರಾ?"

"ಇಲ್ಲಮ್ಮ," ಎಂದಳು ಜಹನಾರಾ. "ನಾನಾಗಿದ್ರೆ ಮುಟ್ತಾನೇ ಇರ್ಲಿಲ್ಲ. ನೀವು ಕೊನೇಲಿ ಮುಖ ಎತ್ತಿ ನೋಡೋವರ್ಗೂ ಬಿಡ್ತಿದ್ದೆ."

ಬಾಲಮ್ಮನವರ ಮುಖ ಅರಳಿತು. ತಂಗಿಯ ಕಡೆ ತಿರುಗಿ, ಕೇಳಿದ್ಯಾ ಎಂಬಂತೆ ನೋಡಿದರು. ಆಮೇಲೆ ಏನೋ ಹೊಳೆದವರ ಹಾಗೆ ಮತ್ತೆ ಇವಳ ಕಡೆ ತಿರುಗಿದರು.

"ನಾನು ಮುಖ ಎತ್ತಿದ್ದು ಪಿಕ್ಚರಲ್ಲಿ ಇಲ್ವಲ್ಲಮ್ಮ, ನಿಮಗೆಂಗೆ ಗೊತ್ತು?"

ಜಹನಾರಾ ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.